ಲೂಪಸ್ ಇದ್ದವರು ಡಿಪ್ರೆಷನ್ ಮಾತ್ರೆ ತಗೊಳ್ಳಬಹುದಾ?

ಡೊಂಬಿವಲಿಯಲ್ಲಿರುವ ನಿಮ್ಮ ಅಕ್ಕನಿಗೆ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇದೆ, ಈಗ ಸೈಕಿಯಾಟ್ರಿಸ್ಟ್ ಡಿಪ್ರೆಷನ್‌ಗೆ ಎಸ್ಸಿಟಾಲೋಪ್ರಾಮ್ ಮಾತ್ರೆ ಬರೆದಿದ್ದಾರೆ, ಮನೆಯಲ್ಲಿ ಎಲ್ಲರಿಗೂ ಭಯ ಅಂತ ಬರೆದಿದ್ದೀರಿ. ನಾನು ಡಾಕ್ಟರಲ್ಲ. ಮಾಟುಂಗಾದಲ್ಲಿದ್ದೇನೆ, ನನಗೂ ಲೂಪಸ್ ಇದೆ, ಇಂಥದೇ ಮಾತ್ರೆ ತಗೊಳ್ಳುತ್ತೇನೆ.

ತಗೊಳ್ಳಬಹುದು. ಆದರೆ ಅಕ್ಕ ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಳ್ಳುತ್ತಿದ್ದಾರಾ ನೋಡಿ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಇದ್ದೇ ಇರುತ್ತದೆ. ಆ ಮಾತ್ರೆ, ಎಸ್ಸಿಟಾಲೋಪ್ರಾಮ್ ಎರಡೂ ಇಸಿಜಿಯಲ್ಲಿ ಕಾಣುವ ಕ್ಯೂಟಿ ಅವಧಿಯನ್ನು (ಪ್ರತಿ ಬಡಿತದಲ್ಲಿ ಹೃದಯದ ವಿದ್ಯುತ್ ಸಂಕೇತ ಹರಿದು ಮತ್ತೆ ಸಜ್ಜಾಗಲು ಹಿಡಿಯುವ ಸಮಯ) ಹೆಚ್ಚಿಸಬಲ್ಲವು. ತೀರಾ ಹೆಚ್ಚಾದರೆ ಎದೆಬಡಿತ ಹದ ತಪ್ಪಬಹುದು. ಹಾಗಾಗುವುದು ಅಪರೂಪ. ಮೊದಲೇ ಹೃದಯದ ತೊಂದರೆ ಇದ್ದರೆ, ಪೊಟ್ಯಾಶಿಯಂ ಕಡಿಮೆ ಇದ್ದರೆ ಅಪಾಯ ಜಾಸ್ತಿ. ಶುರು ಮಾಡುವ ಮೊದಲು ಇಸಿಜಿ ಬೇಕಾ ಅಂತ ಕೇಳಿ. ನನಗೆ ಡಿಪ್ರೆಷನ್‌ನದೇ ಇನ್ನೊಂದು ಮಾತ್ರೆ ಸರ್ಟ್ರಾಲಿನ್ ಕೊಟ್ಟರು, ಅದರಲ್ಲಿ ಈ ತೊಂದರೆ ಕಡಿಮೆಯಂತೆ.

ಇನ್ನೊಂದು, ಕೀಲುನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವ ಅಭ್ಯಾಸ ಇದೆಯಾ? ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಇದೆಯಾ? ಇವುಗಳ ಜೊತೆ ಈ ಜಾತಿಯ ಮಾತ್ರೆ ಸೇರಿದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚು.

ಬೇಸರ ಯಾವಾಗ ಶುರುವಾಯಿತು ಅನ್ನುವುದೂ ಮುಖ್ಯ. ವೈಸೋಲೋನ್ (ಲೂಪಸ್‌ಗೆ ಕೊಡುವ ಸ್ಟೆರಾಯ್ಡ್ ಮಾತ್ರೆ) ಡೋಸ್ ಏರಿಸಿದ ಮೇಲಾ? ಸ್ಟೆರಾಯ್ಡ್ ಮನಸ್ಸನ್ನು ಏರುಪೇರು ಮಾಡುತ್ತದೆ, ನಿದ್ದೆ ಕೆಡಿಸುತ್ತದೆ. ಹಾಗಂತ ಅದನ್ನು ನೀವೇ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ. ಕೆಲವರಲ್ಲಿ ಲೂಪಸ್ಸೇ ಮೆದುಳಿಗೆ ತಾಗಿರುತ್ತದೆ. ಆಗ ಚಿಕಿತ್ಸೆಯೇ ಬೇರೆ. ಅದಕ್ಕೇ ಲೂಪಸ್ ನೋಡುವ ಡಾಕ್ಟರು, ಅಂದರೆ ರುಮಟಾಲಜಿಸ್ಟ್‌ಗೆ ಈ ವಿಷಯ ಗೊತ್ತಿರಬೇಕು. ಮುಂಬೈಯಲ್ಲಿ ಒಬ್ಬ ಡಾಕ್ಟರು ಪರೇಲ್, ಇನ್ನೊಬ್ಬರು ಠಾಣೆ. ಒಬ್ಬರ ಚೀಟಿ ಇನ್ನೊಬ್ಬರು ನೋಡುವುದೇ ಇಲ್ಲ. ಊರಿಂದ ತರಿಸಿದ ಕಷಾಯದ ಪುಡಿಯನ್ನೂ ಸೇರಿಸಿ ಎಲ್ಲ ಮಾತ್ರೆಗಳ ಫೋಟೋ ತೆಗೆದು ಇಬ್ಬರಿಗೂ ತೋರಿಸಿ.

ಡಿಪ್ರೆಷನ್ ಮಾತ್ರೆಯ ಗುಣ ಕಾಣಲು 4ರಿಂದ 6 ವಾರ ಬೇಕು. ಮೊದಲು ವಾಕರಿಕೆ, ತಲೆನೋವು ಬರಬಹುದು. ಚಟ ಹಿಡಿಯುವುದಿಲ್ಲ. ಆದರೆ ಥಟ್ಟನೆ ಬಿಟ್ಟರೆ ತಲೆ ಸುತ್ತುತ್ತದೆ, ಸಿಡುಕು ಬರುತ್ತದೆ. ನಿಲ್ಲಿಸುವಾಗಲೂ ನಿಧಾನವಾಗಿ, ಡಾಕ್ಟರು ಹೇಳಿದ ಹಾಗೆ.

"ಬಿಸಿಲಲ್ಲಿ ವಾಕಿಂಗ್ ಹೋಗು, ಮನಸ್ಸು ಹಗುರಾಗುತ್ತದೆ" ಅಂತ ನೆಂಟರು ಹೇಳುತ್ತಾರೆ, ಅಲ್ವಾ? ನಮಗೆ ಬಿಸಿಲೇ ಆಗದು ಅಂತ ಎಷ್ಟು ಸಲ ಹೇಳಲಿ! ನಾನು ಸೂರ್ಯ ಮುಳುಗಿದ ಮೇಲೆ ಫೈವ್ ಗಾರ್ಡನ್ಸ್‌ನಲ್ಲಿ ನಡೆಯುತ್ತೇನೆ.

ಮೊದಲ ವಾರಗಳಲ್ಲಿ ಅಕ್ಕನನ್ನು ಒಬ್ಬರೇ ಬಿಡಬೇಡಿ, ಅದರಲ್ಲೂ ವಯಸ್ಸು 25ರ ಒಳಗಿದ್ದರೆ. ಸಾಯುವ ಮಾತು ಬಂದರೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.