ಕುಮಟೆಯಲ್ಲಿ ಬೆಳೆಯದ ಕುಮಟಾ ಹತ್ತಿ

ಪ್ರಶ್ನೆ: ಕುಮಟೆಯ ಹಳೇ ಬಂದರಿನ ಕಡೆ ಹೋದಾಗೆಲ್ಲ ನಮ್ಮ ಅಜ್ಜ "ಇಲ್ಲೆಲ್ಲ ಹತ್ತಿ ವಖಾರಗಳಿದ್ದವು" ಅನ್ನುತ್ತಿದ್ದರು. ನಮ್ಮ ಕಡೆ ಭತ್ತ, ತೆಂಗು, ಅಡಿಕೆ ಬಿಟ್ಟರೆ ಹತ್ತಿ ಗಿಡ ನಾನು ನೋಡಿದ್ದೇ ಇಲ್ಲ. ಅಜ್ಜ ಸುಮ್ನೆ ಕತೆ ಕಟ್ಟುತ್ತಿದ್ದರಾ?
- ಒಬ್ಬ ಓದುಗರು, ಶಿರಸಿ

ಉತ್ತರ: ಅಜ್ಜ ಹೇಳಿದ್ದು ನಿಜ, ನಿಮ್ಮ ಅನುಮಾನವೂ ಸರಿ. ಹತ್ತಿ ಬೆಳೆಯುತ್ತಿದ್ದದ್ದು ಘಟ್ಟದ ಮೇಲೆ, ಧಾರವಾಡ-ಹುಬ್ಬಳ್ಳಿಯ ಎರೆಹೊಲದಲ್ಲಿ. ಅಲ್ಲಿಂದ ಎತ್ತಿನ ಬೆನ್ನ ಮೇಲೆ, ರಸ್ತೆಯಾದ ಮೇಲೆ ಗಾಡಿಯಲ್ಲಿ, ನಿಮ್ಮ ಶಿರಸಿ ಹಾದು ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು. ಇಲ್ಲಿಂದ ಪತ್ತೇಮಾರಿ ಎಂಬ ಹಾಯಿಹಡಗು ಏರಿ ಮುಂಬೈಗೆ, ಮುಂಬೈಯಿಂದ ಇಂಗ್ಲೆಂಡಿನ ಲಿವರ್‌ಪೂಲಿಗೆ. ಆ ಪೇಟೆಯವರಿಗೆ ಹೊಲ ಯಾವೂರದ್ದು ಅಂತ ಯಾಕೆ ಬೇಕು, ಬಂದರಿನ ಹೆಸರನ್ನೇ ಹತ್ತಿಗೆ ಅಂಟಿಸಿದರು. ಕೊನೆಗೆ ಧಾರವಾಡದ ತಳಿಗೇ 'ಕುಮಟಾ' ಅನ್ನೋ ಹೆಸರು ನಿಂತಿತು!

ವಖಾರ ಯಾಕೆ ಬೇಕಿತ್ತು ಅಂದರೆ, ಮಳೆಗಾಲದಲ್ಲಿ ಕಡಲು ಬಂದ್. ಹಡಗು ಹೊರಡೋ ತನಕ ಅಂಡಿಗೆಗಳು (ಹತ್ತಿ ಮೂಟೆಗಳು) ಒಣಗಿದ ಜಾಗದಲ್ಲಿ ಬಿದ್ದಿರಬೇಕು. ಅರಳೆ ಅಂದರೆ ಬರೀ ಗಾಳಿ, ಹಾಗೇ ತುಂಬಿದರೆ ಹಡಗಿನ ಹೊಟ್ಟೆ ತುಂಬುತ್ತದೆ, ತೂಕ ಬರೋದಿಲ್ಲ, ಅದಕ್ಕೇ ಒತ್ತಿ ಬಿಗಿದು ಕಟ್ಟುತ್ತಿದ್ದರು. ಮೋಸವೂ ಜಾಸ್ತಿ ಇತ್ತು ನೋಡಿ. ನೀರು ಚಿಮುಕಿಸೋದು, ಹತ್ತಿಬೀಜ, ಮಣ್ಣು ಬೆರೆಸೋದು. ಇದನ್ನು ತಡೆಯೋಕೆ ಮುಂಬೈ ಸರ್ಕಾರ 1863ರಲ್ಲಿ ಕಾಯ್ದೆಯನ್ನೇ ತಂದಿತು. ವಾಪಸ್ ಹೋಗೋ ಗಾಡಿಗಳೇನೂ ಖಾಲಿ ಹೋಗುತ್ತಿರಲಿಲ್ಲ, ಕರಾವಳಿಯ ಉಪ್ಪು, ತೆಂಗಿನಕಾಯಿ ಘಟ್ಟ ಹತ್ತುತ್ತಿದ್ದವು.

ಭರಾಟೆಯ ಕಾಲ 1861ರಿಂದ 1865. ಅಮೆರಿಕದಲ್ಲಿ ಅಂತರ್ಯುದ್ಧ, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗೋದು ನಿಂತಿತು, ಇಲ್ಲಿ ದರ ಮೇಲೆ ಮೇಲೆ ಹೋಯಿತು. ಕಾರವಾರದಲ್ಲಿ ದೊಡ್ಡ ಬಂದರು ಬೇಕು ಅಂತ ಮುಂಬೈ ವ್ಯಾಪಾರಿಗಳು ಒತ್ತಾಯ ಮಾಡಿದ್ದೂ ಇದೇ ಹತ್ತಿಗಾಗಿ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಈ ಲೆಕ್ಕ ಇತ್ತು. ಹತ್ತಿ ಮುಖ್ಯ ಬೆಳೆಯೇ ಅಲ್ಲದ ಜಿಲ್ಲೆಯ ಹಣೆಬರಹ ಹತ್ತಿಯಿಂದ ಬದಲಾಯಿತು, ವಿಚಿತ್ರ ಅಲ್ವಾ?

ಯುದ್ಧ ಮುಗಿದಾಗ ದರ ಬಿತ್ತು. ಆದರೆ ಪೂರ್ತಿ ಹೊಡೆತ ಕೊಟ್ಟದ್ದು ರೈಲು. 1890ರ ಹೊತ್ತಿಗೆ ಹುಬ್ಬಳ್ಳಿ ಕಡೆಯಿಂದ ಗೋವಾದ ಮರ್ಮಗೋವಾ ಬಂದರಿಗೆ ಹಳಿ ಬಿತ್ತು. ಆಮೇಲೆ ಘಟ್ಟದಲ್ಲಿ ಎತ್ತು ಸಾಯಿಸಿಕೊಂಡು ಕುಮಟೆಗೆ ಯಾರು ಬರುತ್ತಾರೆ ಹೇಳಿ. ಈಗ ಕುಮಟೆಯಲ್ಲೂ ರೈಲು ನಿಲ್ಲುತ್ತದೆ, ಕೊಂಕಣ ರೈಲು. ಹುಬ್ಬಳ್ಳಿಯಿಂದ ಅಂಕೋಲೆಗೆ ಲೈನ್ ಹಾಕುವ ಮಾತು ಮಾತ್ರ ಇನ್ನೂ ನಡೆಯುತ್ತಲೇ ಇದೆ.