ಫ್ರಿಗೇಟ್ ಬೆನ್ನಿಗೆ ಎಷ್ಟು ಕೆಲಸ ಹೊರಿಸೋಣ?

ಅಂಕೋಲೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ನೀಲಗಿರಿ ದರ್ಜೆಯ ಏಳು ಫ್ರಿಗೇಟ್‌ಗಳಿಗೆ ಸುಮಾರು 45,000 ಕೋಟಿ ರೂಪಾಯಿ! ಅಗ್ಗದ ಡ್ರೋನ್‌ಗಳು ಹಡಗುಗಳನ್ನು ಅಟ್ಟಾಡಿಸುವ ಕಾಲದಲ್ಲಿ ಇವು ಬೇಕಾ? ಮುಂದೆಯೂ ಕಟ್ಟುವುದೇ ಆದರೆ ಇರೋ ಬರೋ ಆಯುಧವನ್ನೆಲ್ಲ ಒಂದೇ ಹಡಗಿಗೆ ಹಾಕಿಬಿಡಬಾರದೇಕೆ?"

ಮೇಷ್ಟ್ರೇ, ಫ್ರಿಗೇಟ್, ಅಂದರೆ ಮಧ್ಯಮ ಗಾತ್ರದ ಈ ಕಾವಲು ಯುದ್ಧನೌಕೆ, ಬೇಕು. ಆದರೆ ಎಲ್ಲವನ್ನೂ ಅದಕ್ಕೇ ತುಂಬುವುದು ಬೇಡ.

ನಿಮ್ಮ ಪಕ್ಕದ ಕಾರವಾರದ ಕದಂಬ ನೌಕಾನೆಲೆಯಿಂದ ವಿಮಾನವಾಹಕ ಹಡಗು ವಿಕ್ರಮಾದಿತ್ಯ ಹೊರಟರೆ ಒಂಟಿಯಾಗಿ ಹೋಗುವುದಿಲ್ಲ, ಅಲ್ವಾ? ಅದಕ್ಕೆ ಕಾವಲು ಬೇಕು. ಅದರಲ್ಲೂ ನೀರಿನಡಿಯ ಶತ್ರುವಿನಿಂದ. 1971ರ ಡಿಸೆಂಬರ್ 9ರ ರಾತ್ರಿ ದಿಯು ಸಮೀಪ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ. ಖುಕ್ರಿಯೂ ಫ್ರಿಗೇಟೇ, ಸಬ್‌ಮರೀನ್ ಬೇಟೆಗೆಂದೇ ಕಟ್ಟಿದ್ದು. ಆದರೆ ಸದ್ದಿನಿಂದ ನೀರಿನಡಿಯ ಶತ್ರುವನ್ನು ಪತ್ತೆ ಮಾಡುವ ಅದರ ಸೋನಾರ್‌ಗಿಂತ ಹಂಗೋರ್‌ನ ಸೋನಾರ್ ಚುರುಕಾಗಿತ್ತು.

ಈಗ ಆ ಬೇಟೆಯ ಅರ್ಧ ಕೆಲಸ ಹೆಲಿಕಾಪ್ಟರ್‌ನದು. ಹಡಗಿನ ಹಿಂಬದಿಯ ಡೆಕ್‌ನಿಂದ ಹಾರಿ, ಅಲೆಗಳ ಮೇಲೆ ಒಂದೇ ಕಡೆ ನಿಂತು, ಕೇಬಲ್ ಕಟ್ಟಿದ ಸೋನಾರನ್ನು ನೀರಿಗೆ ಇಳಿಬಿಡುತ್ತದೆ. ಕೇಳಿಸಿಕೊಳ್ಳುತ್ತದೆ, ಮೇಲೆಳೆದುಕೊಳ್ಳುತ್ತದೆ, ಇನ್ನೊಂದು ಕಡೆ ಹೋಗಿ ಮತ್ತೆ ಇಳಿಬಿಡುತ್ತದೆ. ದಡದಿಂದ ನೂರಾರು ಮೈಲಿ ಆಚೆ, ವಾರಗಟ್ಟಲೆ ಇದು ನಡೆಯಬೇಕೆಂದರೆ ಕೆಳಗೊಂದು ಹಡಗು ಇರಲೇಬೇಕು. ಅದೂ ಸದ್ದು ಮಾಡದ ಹಡಗು.

ಡ್ರೋನ್ ಬಗ್ಗೆ ನಿಮ್ಮ ಭಯ ಮಾತ್ರ ಸುಳ್ಳಲ್ಲ. 2024ರ ಮಾರ್ಚ್‌ನಲ್ಲಿ ಕೆಂಪು ಸಮುದ್ರದಲ್ಲಿ ಡೆನ್ಮಾರ್ಕ್‌ನ ಫ್ರಿಗೇಟ್ ಇವರ್ ಹ್ವಿಟ್‌ಫೆಲ್ಟ್ ಮೇಲೆ ಡ್ರೋನ್‌ಗಳು ಬಂದವು. ಅದು ನಾಲ್ಕನ್ನು ಹೊಡೆದುರುಳಿಸಿತು, ನಿಜ. ಆದರೆ ನಡುವೆ ಸುಮಾರು ಅರ್ಧ ಗಂಟೆ ಅದರ ಕ್ಷಿಪಣಿಗಳು ಹಾರಲೇ ಇಲ್ಲ. ತೋಪಿನ ಹಲವು ಗುಂಡುಗಳು ಗುರಿ ಮುಟ್ಟುವ ಮೊದಲೇ ಹಡಗಿನ ಹತ್ತಿರವೇ ಸಿಡಿದವು. ಈ ತೊಂದರೆಯನ್ನು ಸರ್ಕಾರಕ್ಕೆ ತಿಳಿಸಲಿಲ್ಲವೆಂದು ಆ ದೇಶದ ಸೇನಾ ಮುಖ್ಯಸ್ಥರ ಕೆಲಸವೇ ಹೋಯಿತು.

ಹಾಗಾದರೆ ಎಲ್ಲ ಆಯುಧವನ್ನೂ ಹಾಕೋಣ ಅನ್ನುತ್ತೀರಿ. ಅಮೆರಿಕದವರು ಆ ಹಾದಿ ಹಿಡಿದು ನೋಡಿದ್ದಾರೆ. 2020ರಲ್ಲಿ ಯುರೋಪಿನ ಫ್ರೆಮ್ ಎಂಬ ಒಳ್ಳೆಯ, ಈಗಾಗಲೇ ಓಡುತ್ತಿದ್ದ ಫ್ರಿಗೇಟ್ ವಿನ್ಯಾಸ ತಗೊಂಡು ಕಾನ್‌ಸ್ಟಲೇಷನ್ ದರ್ಜೆ ಶುರು ಮಾಡಿದರು. ಮೂಲದ 85% ಉಳಿಯಬೇಕಿತ್ತು. ಅದು ಸೇರಿಸು, ಇದು ಬದಲಿಸು ಅನ್ನುತ್ತ ಕೊನೆಗೆ 15% ಕೂಡ ಉಳಿಯಲಿಲ್ಲ. ವಿನ್ಯಾಸ ಮುಗಿಯುವ ಮೊದಲೇ 2022ರಲ್ಲಿ ಕೆಲಸ ಬೇರೆ ಶುರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು. 2025ರ ನವೆಂಬರ್‌ನಲ್ಲಿ ಎರಡು ಹಡಗು ಉಳಿಸಿಕೊಂಡು ಮಿಕ್ಕಿದ್ದನ್ನು ಕೈಬಿಟ್ಟರು.

ನಾವೂ ಆ ಕಡೆಗೇ ವಾಲುತ್ತಿದ್ದೇವೆ ಅಂತ ನನಗೆ ಅನುಮಾನ. 1972ರ ಮೊದಲ ನೀಲಗಿರಿ ಸುಮಾರು 3,000 ಟನ್ ಇತ್ತು. 2025ರ ಜನವರಿಯಲ್ಲಿ ಸೇವೆಗೆ ಬಂದ ಹೊಸ ನೀಲಗಿರಿ 6,670 ಟನ್. ಫ್ರಿಗೇಟ್‌ಗಿಂತ ದೊಡ್ಡ ಜಾತಿಯ ಯುದ್ಧನೌಕೆಯಾದ 1997ರ ಡೆಲ್ಲಿ ಡಿಸ್ಟ್ರಾಯರ್ ಹೆಚ್ಚುಕಡಿಮೆ ಇಷ್ಟೇ ಇತ್ತು! ಹಡಗು ಹೊಡೆಯುವ 8 ಬ್ರಹ್ಮೋಸ್, ಹಾರಿ ಬರುವುದನ್ನು ಹೊಡೆಯುವ 32 ಬರಾಕ್ ಕ್ಷಿಪಣಿ ಹೊತ್ತ ಇಂಥ ಹಡಗನ್ನು ಕಡಲ್ಗಳ್ಳರ ಹಿಂದೆ ಓಡಿಸುವುದು ದಂಡ. 2024ರ ಜನವರಿಯಲ್ಲಿ ಐಎನ್‌ಎಸ್ ಸುಮಿತ್ರಾ ಎಂಬ ಗಸ್ತು ಹಡಗು ಎರಡು ಮೀನುಗಾರಿಕೆ ದೋಣಿಗಳನ್ನು ಕಡಲ್ಗಳ್ಳರಿಂದ ಬಿಡಿಸಿತು. ಒಂದರಲ್ಲಿ 17 ಇರಾನಿಯರು, ಇನ್ನೊಂದರಲ್ಲಿ 19 ಪಾಕಿಸ್ತಾನಿಯರು. ಫ್ರಿಗೇಟ್ ಬೇಕಾಗಲೇ ಇಲ್ಲ.

ನೀಲಗಿರಿ ದರ್ಜೆಯ ನಂತರ ಕಟ್ಟಬೇಕೆಂದಿರುವ 17ಬಿ ಫ್ರಿಗೇಟ್ ಬಗ್ಗೆ ನನ್ನ ಆಸೆ ಕೇಳುತ್ತೀರಾದರೆ, ಸಬ್‌ಮರೀನ್ ಬೇಟೆಯೇ ಅದರ ಮೊದಲ ಕೆಲಸವಾಗಲಿ. ಸದ್ದಿಲ್ಲದ ಎಂಜಿನ್, ಬಾಲದಂತೆ ಎಳೆದೊಯ್ಯುವ ಉದ್ದದ ಸೋನಾರ್, ಎರಡು ಹೆಲಿಕಾಪ್ಟರ್‌ಗೆ ಜಾಗ ಇರಲಿ. ಡ್ರೋನ್‌ಗೆ ಗುಂಡು ಜಾಸ್ತಿ ಇರುವ ತೋಪುಗಳು ಸಾಕು. 32 ಬರಾಕ್ ಹಾರಿಸಿ ಮುಗಿದರೆ ಬಂದರಿಗೆ ವಾಪಸ್ ಬಂದೇ ತುಂಬಿಕೊಳ್ಳಬೇಕು. ಮೂವತ್ತು ವರ್ಷ ದುಡಿಯುವ ಹಡಗು ಅದು. ಮುಂದೆ ಲೇಸರ್ ಕೂರಿಸುವ ಕಾಲ ಬಂದರೆ ವಿದ್ಯುತ್ತೂ ಬೇಕು, ಡೆಕ್ ಮೇಲೆ ಜಾಗವೂ ಬೇಕು. ಅವೆರಡನ್ನೂ ಈಗಲೇ ಖಾಲಿ ಬಿಡಬೇಕು. ನೌಕಾಪಡೆಯವರು ಖಾಲಿ ಜಾಗ ಕಂಡರೆ ಸುಮ್ನೆ ಇರುತ್ತಾರಾ ಅನ್ನುವುದು ಬೇರೆ ಮಾತು.

— ಸಂಪಾದಕ