ಮೊದಲು ಕಿಟಕಿ, ಆಮೇಲೆ ಬೆಲ್ಟು

ಪ್ರಶ್ನೆ: ವೆಲ್ಡರ್ ಆಗಿ ಸಮುದ್ರದಲ್ಲಿರುವ ಮುಂಬೈ ಹೈ ತೈಲ ಪ್ಲಾಟ್‌ಫಾರ್ಮಿಗೆ ಹೋಗುವ ಅವಕಾಶ ಬಂದಿದೆ. ಮೊದಲು ಹ್ಯೂಯೆಟ್, ಅಂದರೆ ನೀರಿಗೆ ಬಿದ್ದ ಹೆಲಿಕಾಪ್ಟರಿನಿಂದ ಪಾರಾಗುವ ತರಬೇತಿ ಮುಗಿಸಬೇಕಂತೆ. ನನಗೆ ಈಜೇ ಬಾರದು. ಹೆಲಿಕಾಪ್ಟರಿನಲ್ಲಿ ಕೂರಿಸಿ ನೀರಿನಲ್ಲಿ ತಲೆಕೆಳಗು ಮಾಡುತ್ತಾರೆ ಎಂದು ಕೇಳಿದ ಮೇಲೆ ನಿದ್ದೆ ಹತ್ತುತ್ತಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಈಜು ಬಾರದ ಎಷ್ಟೋ ಜನ ಇದನ್ನು ಮುಗಿಸಿ ಹೋಗಿದ್ದಾರೆ. ಮುಚ್ಚಿಡದೆ ತರಬೇತುದಾರರಿಗೆ ಮೊದಲೇ ಹೇಳಿ. ಕೂರಿಸುವುದು ನಿಜವಾದ ಹೆಲಿಕಾಪ್ಟರಿನಲ್ಲಲ್ಲ, ಈಜುಕೊಳಕ್ಕೆ ಇಳಿಸುವ ಮಾದರಿ ಕ್ಯಾಬಿನ್ನಿನಲ್ಲಿ, ಪಕ್ಕದಲ್ಲೇ ಡೈವರುಗಳಿರುತ್ತಾರೆ. ಅಲ್ಲಿ ಕಲಿಸುವುದು ಈಜನ್ನಲ್ಲ, ಯಾವ ಕೆಲಸ ಆದ ಮೇಲೆ ಯಾವುದು ಎಂಬ ಕ್ರಮವನ್ನು. ಈ ಕ್ರಮ ತಪ್ಪುವವರಲ್ಲಿ ಒಳ್ಳೆಯ ಈಜುಗಾರರೂ ಇರುತ್ತಾರೆ.

ತಲೆಕೆಳಗು ಮಾಡುವುದಕ್ಕೆ ಕಾರಣವಿದೆ. ಹೆಲಿಕಾಪ್ಟರಿನ ಎಂಜಿನ್ನು, ಗೇರ್‌ಬಾಕ್ಸು ಎರಡೂ ಮೇಲ್ಭಾಗದಲ್ಲಿರುವುದರಿಂದ ತಲೆಭಾರ ಹೆಚ್ಚು. ಅಡಿಯ ಗಾಳಿಚೀಲಗಳು ಉಬ್ಬಿಕೊಂಡರೂ ದೊಡ್ಡ ಅಲೆಗೆ ಮಗುಚಬಹುದು. 2022ರ ಜೂನ್ 28ರಂದು ಮುಂಬೈ ಹೈನಲ್ಲೇ, ರಿಗ್ಗಿನ ಬಳಿ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 9 ಜನರಲ್ಲಿ 4 ಮಂದಿ ತೀರಿಕೊಂಡರು.

ಇನ್ನು ಕ್ರಮ. ನೀರಿಗೆ ಬೀಳುವ ಮುನ್ನವೇ ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲಿರಲಿ, ಇನ್ನೊಂದು ಬೆಲ್ಟಿನ ಬಕಲ್ ಎಲ್ಲಿದೆ ಎಂದು ನೋಡಿಕೊಂಡಿರಲಿ. ಮಗುಚಿದ ಮೇಲೆ ಎಡ ಯಾವುದು, ಬಲ ಯಾವುದು ತಿಳಿಯುವುದಿಲ್ಲ. ಚೌಕಟ್ಟು ಹಿಡಿದ ಕೈಯೇ ದಾರಿ. ನೀರು ಎದೆಮಟ್ಟಕ್ಕೆ ಬರುವಾಗ ಉಸಿರು ಎಳೆದುಕೊಳ್ಳಿ. ಉರುಳುವುದು ಪೂರ್ತಿ ನಿಲ್ಲುವವರೆಗೆ ಅಲ್ಲಾಡಬೇಡಿ. ನಿಂತ ಮೇಲೆ ಕಿಟಕಿಯನ್ನು ಹೊರಕ್ಕೆ ತಳ್ಳಿ, ಅದು ಹೋದ ಮೇಲೆ ಬಕಲ್ ತಿರುಗಿಸಿ, ಚೌಕಟ್ಟು ಹಿಡಿದ ಕೈಯಿಂದ ಮೈಯನ್ನು ಎಳೆದುಕೊಂಡು ಹೊರಬನ್ನಿ. ಕಾಲು ಬಡಿಯಬೇಡಿ, ಒದೆ ಹಿಂದಿನವರ ಮುಖಕ್ಕೆ ಬೀಳುತ್ತದೆ.

ಬೆಲ್ಟು ಮೊದಲು ಬಿಚ್ಚಿದರೆ ಮೈ ತೇಲಿಬಿಡುತ್ತದೆ. ಆಗ ಕಿಟಕಿ ತಳ್ಳಲು ಆಸರೆಯೇ ಇಲ್ಲ; ತಳ್ಳಿದಷ್ಟೂ ನೀವೇ ಹಿಂದಕ್ಕೆ ಹೋಗುತ್ತೀರಿ. ಲೈಫ್ ಜಾಕೆಟ್ಟಿನದೂ ಹೀಗೇ. ಒಳಗಿದ್ದಾಗಲೇ ಅದರ ಹಗ್ಗ ಎಳೆದರೆ ಉಬ್ಬಿದ ಜಾಕೆಟ್ಟು ನಿಮ್ಮನ್ನು ಮೇಲಕ್ಕೆ, ಅಂದರೆ ಮಗುಚಿದ ಕ್ಯಾಬಿನ್ನಿನ ನೆಲಕ್ಕೆ, ಒತ್ತಿ ಹಿಡಿಯುತ್ತದೆ. ಕಿಟಕಿ ಅದಕ್ಕಿಂತ ಕೆಳಗಿರುತ್ತದೆ, ಮುಳುಗಿ ಅಲ್ಲಿಗೆ ಹೋಗಲಾಗದು. ಪೂರ್ತಿ ಹೊರಬಂದ ಮೇಲಷ್ಟೇ ಹಗ್ಗ.

ಹೆಚ್ಚಿನವರಿಗೆ ಗಾಬರಿ ಹುಟ್ಟಿಸುವುದು ಮೂಗಿಗೆ ನುಗ್ಗುವ ನೀರು. ಮೂಗಿನಿಂದ ಸ್ವಲ್ಪಸ್ವಲ್ಪವೇ ಉಸಿರು ಬಿಡುತ್ತಿದ್ದರೆ ಅದು ತಡೆಯುತ್ತದೆ. ಶೀತ, ಕಿವಿನೋವು ಇದ್ದರೆ ಆ ದಿನ ನೀರಿಗಿಳಿಯಬೇಡಿ.

ಪ್ರಶ್ನೆ: ಹ್ಯೂಯೆಟ್ ತರಬೇತಿಯಲ್ಲಿ ಉಸಿರಾಟಕ್ಕೆ ಕೊಡುವ ಸಣ್ಣ ಸಿಲಿಂಡರಿನ ಬಗ್ಗೆ ಏಕೆ ಅಷ್ಟು ಎಚ್ಚರಿಸುತ್ತಾರೆ? ಈಜುಕೊಳ ಆಳವೇನೂ ಇರುವುದಿಲ್ಲವಲ್ಲ.
– ಓದುಗರು, ಮಲ್ಪೆ

ಉತ್ತರ: ಉಸಿರು ಹಿಡಿದು ಮುಳುಗುವವನು ಮೇಲಿನ ಗಾಳಿಯನ್ನೇ ಒಳಗೆ ಒಯ್ಯುತ್ತಾನೆ, ಮೇಲೆ ಬಂದಾಗ ಅದು ಮೊದಲಿದ್ದಷ್ಟೇ ಆಗುತ್ತದೆ. ಸಿಲಿಂಡರಿನ ಗಾಳಿ ಹಾಗಲ್ಲ. ನೀರಿನಡಿ ಎಳೆದುಕೊಂಡ ಗಾಳಿ ಮೇಲೇರುತ್ತಿದ್ದಂತೆ ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಬಂದರೆ ಒಂದೆರಡು ಮೀಟರ್ ಆಳದಿಂದಲೂ ಶ್ವಾಸಕೋಶ ಹರಿಯಬಹುದು. ಅದಕ್ಕೇ ಮೇಲೆ ಬರುವಷ್ಟು ಹೊತ್ತೂ ಉಸಿರು ಬಿಡುತ್ತಲೇ ಇರಬೇಕು.

ಪ್ರಶ್ನೆ: ಮಗ ದುಬೈ ಕಡೆಯ ಆಫ್‌ಶೋರ್ ಕೆಲಸಕ್ಕೆ ಟಿ-ಬೋಸಿಯೆಟ್ (ಸಮುದ್ರದ ಮೇಲಿನ ಕೆಲಸಕ್ಕೆ ಬೇಕಾದ ಮೂಲ ಸುರಕ್ಷತಾ ತರಬೇತಿ) ಮಾಡಿಸಿಕೊಂಡಿದ್ದಾನೆ. ಮುಂದೆ ನಾರ್ವೆ, ಸ್ಕಾಟ್ಲೆಂಡ್ ಕಡೆ ಹೋಗಲು ಇದೇ ಸಾಕೆ?
– ಓದುಗರು, ಮಂಗಳೂರು

ಉತ್ತರ: ಸಾಲದು. ಟಿ ಎಂದರೆ ಟ್ರಾಪಿಕಲ್, ಬೆಚ್ಚನೆಯ ಸಮುದ್ರಕ್ಕೆ ಮಾತ್ರ. ಉತ್ತರ ಸಮುದ್ರದ ತಣ್ಣೀರಿಗೆ ಬಿದ್ದೊಡನೆ ಬಾಯಿ ತಾನಾಗಿ ತೆರೆದು ಏದುಸಿರು ಬರುತ್ತದೆ, ಉಸಿರು ಹಿಡಿಯುವುದು ಕೈಯಲ್ಲಿರುವುದಿಲ್ಲ. ಅದಕ್ಕೆ ಅಲ್ಲಿ ಮೈಮುಚ್ಚುವ ಸರ್ವೈವಲ್ ಸೂಟು ಹಾಕಿಕೊಂಡೇ ಹಾರಬೇಕು, ತರಬೇತಿಯೂ ಅದರಲ್ಲೇ ಆಗಬೇಕು. ಇಂಥ ತರಬೇತಿಗೆ ಮಾನದಂಡ ಗೊತ್ತುಮಾಡುವ ಒಪಿಟೊ ಸಂಸ್ಥೆಯ ಮಾನ್ಯತೆಯ ಬೋಸಿಯೆಟ್ ಸರ್ಟಿಫಿಕೇಟ್ 4 ವರ್ಷ ನಡೆಯುತ್ತದೆ. ಅವಧಿ ಮುಗಿಯುವ ಮೊದಲೇ ಚಿಕ್ಕದಾದ ಮರುತರಬೇತಿ ಫೋಯೆಟ್ ಮಾಡಿಸಿಕೊಂಡರಾಯಿತು. ತಪ್ಪಿದರೆ ಮೊದಲಿನಿಂದ ಪೂರ್ತಿ ಕೋರ್ಸು, ಪೂರ್ತಿ ಫೀಸು. ಏಜೆಂಟರಿಗೆ ಹಣ ಕೊಡುವ ಮೊದಲು ಆ ಕೇಂದ್ರದ ಹೆಸರು ಒಪಿಟೊ ಪಟ್ಟಿಯಲ್ಲಿದೆಯೇ ನೋಡಿ.